ಸೀಲ್ ಮಾಂಸಕ್ಕೆ ರಸೀದಿ ಎಲ್ಲಿಂದ ತರುವುದು?

ಲೆಕ್ಕ ಬರೆಯುವುದು ನನ್ನ ವೃತ್ತಿ. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಕುಳಿತು ಸಣ್ಣಪುಟ್ಟ ಸಂಘ ಸಂಸ್ಥೆಗಳ ಜಮಾಖರ್ಚು ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳಿಂದ ಬಿಡುವಿನ ಸಂಜೆಗಳಲ್ಲಿ, ದೇಶದ ಉತ್ತರದ ಹಿಮಸೀಮೆಯಾದ ನುನಾವುಟ್‌ನ ಬ್ಯಾಫಿನ್ ದ್ವೀಪದಲ್ಲಿರುವ ಒಂದು ಪುಟ್ಟ ಊರಿನ, ಅಲ್ಲಿಯ ಮೂಲನಿವಾಸಿಗಳಾದ ಇನುಯಿಟ್ ಜನರ ಸಮಿತಿಗೆ ಅನುದಾನದ ಅರ್ಜಿ ತುಂಬಿಕೊಡುವ ಕೆಲಸವನ್ನೂ ಹಚ್ಚಿಕೊಂಡಿದ್ದೇನೆ. ಪ್ರತಿ ಏಪ್ರಿಲ್‌ನಲ್ಲಿ, ಹಗಲು ಉದ್ದವಾಗುತ್ತಿದ್ದು ಸಮುದ್ರದ ಮೇಲಿನ ಹಿಮ ಇನ್ನೂ ಗಟ್ಟಿಯಾಗಿರುವ ದಿನಗಳಲ್ಲಿ, ಆ ಊರಿನವರು ಸುತ್ತಲಿನ ಊರುಗಳ ನೆಂಟರಿಷ್ಟರನ್ನು ಕರೆಸಿಕೊಂಡು ನಾಲ್ಕು ದಿನ ಹಾಡು, ಡೋಲಿನ ಕುಣಿತ, ಆಟ, ಊಟಗಳ ಕೂಟ ನಡೆಸುತ್ತಾರೆ. ಊರಿನ ಹೆಸರನ್ನಾಗಲಿ ಸಮಿತಿಯವರ ಹೆಸರುಗಳನ್ನಾಗಲಿ ಇಲ್ಲಿ ಹೇಳುವುದಿಲ್ಲ. ಅವರ ಕಡತಗಳನ್ನು ನೋಡುತ್ತಾ ನೋಡುತ್ತಾ ಅನುದಾನವೆಂಬ ವ್ಯವಸ್ಥೆಯ ಬಗ್ಗೆ ನನಗೆ ಅರ್ಥವಾದದ್ದನ್ನು ಬರೆದಿಡಬೇಕೆನಿಸಿತು, ಅಷ್ಟೆ.

ಮೊದಲ ವರ್ಷದ ಕೂಟ ಮುಗಿದು ಲೆಕ್ಕ ಒಪ್ಪಿಸಿದ ಮೇಲೆ ಹಣ ಕೊಟ್ಟ ಕಚೇರಿಯಿಂದ ಒಂದು ಆಕ್ಷೇಪಣೆ ಬಂತು. ಊಟದ ಖರ್ಚಿನಲ್ಲಿ ‘ಸೀಲ್, 6’ ಎಂದು ತೋರಿಸಲಾಗಿದೆ, ಅದಕ್ಕೆ ರಸೀದಿ ಲಗತ್ತಿಸಿಲ್ಲ, ಆದ್ದರಿಂದ ಈ ಬಾಬ್ತನ್ನು ಒಪ್ಪಲಾಗುವುದಿಲ್ಲ ಎಂಬುದು ಅದರ ಸಾರ. ಸೀಲ್ ಎಂದರೆ ಅಲ್ಲಿಯವರು ಬೇಟೆಯಾಡಿ ತಿನ್ನುವ ಕಡಲಪ್ರಾಣಿ. ಸಮಿತಿಯ ಅಧ್ಯಕ್ಷೆಗೆ ಫೋನ್ ಮಾಡಿದೆ. ಅರವತ್ತು ದಾಟಿದ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಮುಂದಿನ ಸಲ ಸೀಲಿನ ಹತ್ತಿರವೇ ಬರೆಸಿಕೊಂಡು ಬರುವಂತೆ ಹುಡುಗರಿಗೆ ಹೇಳುತ್ತೇನೆ’ ಎಂದರು. ನಾನು ನಕ್ಕೆ, ಅವರು ನಗಲಿಲ್ಲ. ಅದೇ ಪಟ್ಟಿಯಲ್ಲಿ ಊರಿನ ಅಂಗಡಿಯಿಂದ ತಂದ ಹಾಟ್ ಡಾಗ್, ಜ್ಯೂಸ್ ಡಬ್ಬಿ, ಚಿಪ್ಸ್ ಪೊಟ್ಟಣಗಳಿದ್ದವು. ಅವಕ್ಕೆಲ್ಲ ರಸೀದಿ ಇತ್ತು. ಒಂದೇ ಏಟಿಗೆ ಪಾಸಾದವು. ಇನುಯಿಟ್ ಸಂಸ್ಕೃತಿಯ ಪೋಷಣೆಗೆಂದು ಮಂಜೂರಾದ ಹಣದಲ್ಲಿ ಚಿಪ್ಸ್‌ಗೆ ಜಾಗವಿತ್ತು, ಸೀಲಿಗೆ ಇರಲಿಲ್ಲ.

ರಸೀದಿಯ ಬಗ್ಗೆ ನನಗೆ ತಾತ್ಸಾರವಿಲ್ಲ. ಸಾರ್ವಜನಿಕರ ದುಡ್ಡಿಗೆ ಲೆಕ್ಕ ಇರಲೇಬೇಕು, ಇಲ್ಲವಾದರೆ ನನ್ನಂಥವರಿಗೆ ಅನ್ನವೂ ಇಲ್ಲ. ಆದರೆ ಬೇಟೆಗೆ ಖರ್ಚಾಗುವುದಿಲ್ಲವೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಸ್ನೋಮೊಬೈಲಿಗೆ ಪೆಟ್ರೋಲು, ಬಂದೂಕಿಗೆ ತೋಟಾ, ಹರಿದುಹೋಗುವ ಬೆಲ್ಟು, ಹಿಂದೆ ಎಳೆದುಕೊಂಡು ಹೋಗುವ ಕಮುಟಿಕ್ ಎಂಬ ಜಾರುಬಂಡಿ, ಇವೆಲ್ಲ ಬೇಟೆಗಾರನ ಕೈಯಿಂದಲೇ ಹೋಗುತ್ತವೆ. ಹಿಮದಲ್ಲಿ ಸೀಲಿನ ಉಸಿರುಗಿಂಡಿಯ ಪಕ್ಕ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಶ್ರಮವನ್ನು ಯಾವ ಕಾಲಂನಲ್ಲಿ ಬರೆಯುವುದೋ ನನಗೆ ಇವತ್ತಿಗೂ ತಿಳಿದಿಲ್ಲ. ಹೀಗೆ ತಂದ ಮಾಂಸವನ್ನು ಆತ ಕೂಟಕ್ಕೆ ಮಾರುವುದೂ ಇಲ್ಲ. ಹಂಚಿಕೊಂಡು ತಿನ್ನುವುದು ಅಲ್ಲಿಯ ಕಟ್ಟಳೆ. ತನ್ನ ಊರಿನ ಹಿರಿಯರಿಗೆ ಬಡಿಸುವ ಮಾಂಸಕ್ಕೆ ಬಿಲ್ ಬರೆದುಕೊಡು ಎಂದು ಅವನನ್ನು ಕೇಳುವುದೇ ಅವಮಾನ. ಕೊನೆಗೆ ನಾಲ್ಕೈದು ಪತ್ರಗಳಾದ ಮೇಲೆ ಪೆಟ್ರೋಲಿನ ರಸೀದಿಯನ್ನು ‘ಆಹಾರ ಸಂಗ್ರಹಣೆಯ ಸಾರಿಗೆ ವೆಚ್ಚ’ ಎಂಬ ಹೆಸರಿನಲ್ಲಿ ಒಪ್ಪಿಕೊಂಡರು. ಸೀಲು ಮಾತ್ರ ಕಾಗದದ ಮೇಲೆ ಬರಲೇ ಇಲ್ಲ.

ಈ ತೊಡಕಿಗೆ ಪರಿಹಾರ ಇಲ್ಲದೆ ಇಲ್ಲ, ಅದು ಹೊಸದೂ ಅಲ್ಲ. ಉತ್ತರ ಕ್ವಿಬೆಕ್‌ನ ಇನುಯಿಟ್ ಸೀಮೆಯಾದ ನುನಾವಿಕ್‌ನಲ್ಲಿ, 1975ರ ಜೇಮ್ಸ್ ಬೇ ಮತ್ತು ಉತ್ತರ ಕ್ವಿಬೆಕ್ ಒಡಂಬಡಿಕೆಯ ಫಲವಾಗಿ ಬೇಟೆ, ಮೀನುಗಾರಿಕೆ ಮಾಡುವವರಿಗೆ ಬೆಂಬಲ ನೀಡುವ ಯೋಜನೆಯೊಂದು ಹುಟ್ಟಿಕೊಂಡಿತು. ಊರಿನ ಆಡಳಿತವೇ ಗೊತ್ತುಪಡಿಸಿದ ದರ ಕೊಟ್ಟು ಬೇಟೆಗಾರರಿಂದ ಮಾಂಸ, ಮೀನು ಕೊಂಡುಕೊಂಡು ಊರೊಟ್ಟಿನ ದೊಡ್ಡ ಫ್ರೀಜರಿನಲ್ಲಿಡುತ್ತದೆ. ಬೇಕಾದವರು ಅಲ್ಲಿಂದ ದುಡ್ಡಿಲ್ಲದೆ ಒಯ್ಯುತ್ತಾರೆ. ಬೇಟೆಗಾರನಿಗೆ ಹಾಕಿದ ಖರ್ಚು ಮರಳಿ ಬರುತ್ತದೆ, ಹಂಚುವ ಕಟ್ಟಳೆಗೂ ಭಂಗವಿಲ್ಲ, ಲೆಕ್ಕಿಗನಿಗೆ ಊರಾಡಳಿತದ ವೋಚರ್ ಸಿಗುತ್ತದೆ. ಲೆಕ್ಕಪತ್ರದ ದೃಷ್ಟಿಯಿಂದ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡನ್ನು ನಾನು ಕಂಡಿಲ್ಲ. ಅದನ್ನು ರೂಪಿಸಿದವರಿಗೆ ಸೀಲು ಅಂಗಡಿಯಲ್ಲಿ ಸಿಗುವುದಿಲ್ಲವೆಂಬ ಸಾಮಾನ್ಯ ತಿಳಿವಳಿಕೆ ಇತ್ತು.

ಕೂಟಕ್ಕೆ ನಾನು ಹೋಗಿದ್ದು ಒಮ್ಮೆ ಮಾತ್ರ. ಶಾಲೆಯ ಆಟದ ಹಜಾರವೇ ಅಲ್ಲಿ ಸಭಾಭವನ. ಮೊದಲಿಗೆ ಒಬ್ಬ ಅಜ್ಜಿ ನೆಲದ ಮೇಲೆ ಕುಳಿತು ಕುಲ್ಲಿಕ್ ಹಚ್ಚಿದರು. ಅದು ಬಳಪದ ಕಲ್ಲಿನಲ್ಲಿ ಅರ್ಧಚಂದ್ರಾಕಾರವಾಗಿ ಕಡೆದ ದೀಪ. ಎಣ್ಣೆ ಸೀಲಿನ ಕೊಬ್ಬಿನದು, ಬತ್ತಿ ಟಂಡ್ರಾದಲ್ಲಿ ಬೆಳೆಯುವ ಹತ್ತಿಯಂಥ ಹುಲ್ಲಿನ ಅರಳೆ. ಸಾಲಾಗಿ ಹರಡಿದ ಬತ್ತಿಯನ್ನು ಒಂದು ಕಡ್ಡಿಯಿಂದ ಚೂರುಚೂರೇ ಸರಿಪಡಿಸುತ್ತಾ, ಜ್ವಾಲೆ ಎಲ್ಲೂ ಎತ್ತರವಾಗದಂತೆ, ಹೊಗೆಯೇಳದಂತೆ ಅವರು ನೋಡಿಕೊಳ್ಳುತ್ತಿದ್ದ ರೀತಿಯನ್ನು ಮಾತಿಲ್ಲದೆ ಎಲ್ಲರೂ ನೋಡುತ್ತಿದ್ದೆವು. ಅಷ್ಟಾದರೂ ಶಾಲೆಯ ಕಾವಲುಗಾರ ಒಂದು ಏಣಿ ಹಾಕಿಕೊಂಡು ಹೊಗೆಯ ಗಂಟೆಯ ಕೆಳಗೇ ನಿಂತಿದ್ದ. ಕಟ್ಟಡದ ವಿಮೆಯ ಷರತ್ತಿನಲ್ಲಿ ಒಳಗೆ ತೆರೆದ ಬೆಂಕಿ ಹಚ್ಚಕೂಡದೆಂದಿತ್ತು. ಒಂದು ದೀಪ ಹಚ್ಚಲು ಅನುಮತಿ ಪಡೆಯುವುದಕ್ಕೆ ಎಷ್ಟು ಇಮೇಲ್‌ಗಳಾದವೆಂಬುದು ನನಗೆ ಗೊತ್ತು, ಬರೆದವನು ನಾನೇ.

ಆಮೇಲೆ ಊಟ. ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ನೆಲಕ್ಕೆ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಹೆಪ್ಪುಗಟ್ಟಿದ ಆರ್ಕ್ಟಿಕ್ ಚಾರ್ ಮೀನು, ಕ್ಯಾರಿಬೂ ಜಿಂಕೆಯ ತೊಡೆ, ಸೀಲು, ನಾರ್ವಾಲ್ ತಿಮಿಂಗಿಲದ ಚರ್ಮ ಕೊಬ್ಬು ಸೇರಿದ ಮಕ್ಟಾಕ್, ಎಲ್ಲವನ್ನೂ ಸಾಲಾಗಿ ಇಟ್ಟರು. ಕ್ಯಾರಿಬೂ ಆ ಊರಿನದಲ್ಲ. ಬ್ಯಾಫಿನ್ ದ್ವೀಪದ ಹಿಂಡುಗಳು ಸೊರಗಿದ್ದರಿಂದ 2015ರಲ್ಲಿ ಅಲ್ಲಿ ಬೇಟೆಯನ್ನೇ ನಿಲ್ಲಿಸಿ, ಆಮೇಲೆ ಬಿಗಿಯಾದ ಮಿತಿ ಹಾಕಿದರು. ಹಾಗಾಗಿ ಪಶ್ಚಿಮದ ಕಿವಲ್ಲಿಕ್ ಸೀಮೆಯ ನೆಂಟರು ಮಾಂಸವನ್ನು ವಿಮಾನದಲ್ಲಿ ಕಳಿಸಿದ್ದರು. ಹಿರಿಯರಿಗೆ ಮೊದಲು ಬಡಿಸಿದ ಮೇಲೆ ಹೆಂಗಸರು ತಮ್ಮ ತಮ್ಮ ಉಲು ತೆಗೆದು, ಆ ಅರೆವೃತ್ತದ ಕತ್ತಿಯಿಂದ ಕಾಗದದಷ್ಟು ತೆಳ್ಳಗೆ ಹೆರೆದು ತಿನ್ನತೊಡಗಿದರು. ಅಮ್ಮಂದಿರ ಅಮೌಟಿ ಎಂಬ ಮೇಲಂಗಿಯ ಬೆನ್ನಚೀಲದಲ್ಲಿ ಕೂಸುಗಳು ಗದ್ದಲದ ನಡುವೆಯೇ ನಿದ್ದೆ ಹೋಗಿದ್ದವು.

ರಾತ್ರಿ ಡೋಲು. ಕಿಲಾವುಟ್ ಎನ್ನುವ ಆ ವಾದ್ಯ ಅಗಲವಾದ ಮರದ ಬಳೆಗೆ ತೊಗಲು ಬಿಗಿದದ್ದು, ಈಗೀಗ ತೊಗಲಿನ ಬದಲು ನೈಲಾನ್ ಬಟ್ಟೆಯೂ ಬಂದಿದೆ. ಬಾರಿಸುವುದು ತೊಗಲಿನ ಮೇಲಲ್ಲ, ಬಳೆಯ ಅಂಚಿಗೆ. ಒಂದು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸುತ್ತಾ, ಮಂಡಿ ಬಗ್ಗಿಸಿ ಸುತ್ತ ಕುಣಿಯುತ್ತಾ ಎರಡು ಬದಿಗೂ ಹೊಡೆಯಬೇಕು. ಒಂದೇ ಹಾಡಿಗೆ ತೋಳು ಸೋತುಹೋಗುತ್ತದೆ. ಹಾಡುವುದು ಸುತ್ತ ಕುಳಿತ ಹೆಂಗಸರು. ಹಾಡು ಕುಣಿಯುವವನ ಸ್ವಂತದ್ದೋ ಅವನ ತಾತನದೋ ಆಗಿರುತ್ತದೆ. ಕೆನಡಾದ ಆರ್ಕ್ಟಿಕ್‌ನ ಎಷ್ಟೋ ಊರುಗಳಲ್ಲಿ ಕ್ರೈಸ್ತ ಮಿಷನರಿಗಳು ಈ ಕುಣಿತವನ್ನೂ, ಇಬ್ಬರು ಹೆಂಗಸರು ಎದುರುಬದುರು ನಿಂತು ಕಂಠದಿಂದ ಹೊರಡಿಸುವ ಕಟಜ್ಜಕ್ ಎಂಬ ಹಾಡಾಟವನ್ನೂ ಪಾಪವೆಂದು ಬಿಡಿಸಿದರು. ಬಿಟ್ಟಿದ್ದನ್ನು ಮತ್ತೆ ಹಿಡಿಯಬೇಕಾದರೆ ಬಲ್ಲವರು ಬೇಕು. ಬಲ್ಲವರು ಒಂದೊಂದು ಊರಿನಲ್ಲಿ ಒಬ್ಬಿಬ್ಬರು, ಹಲವು ಊರುಗಳಲ್ಲಿ ಯಾರೂ ಇಲ್ಲ. ಆದ್ದರಿಂದಲೇ ಊರುಗಳು ಒಂದೆಡೆ ಸೇರಬೇಕು. ಕ್ವಿಬೆಕ್ ಸರ್ಕಾರ 2014ರಲ್ಲಿ ಕಟಜ್ಜಕ್ಕನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರೀನ್‌ಲ್ಯಾಂಡಿನ ಡೋಲಿನ ಕುಣಿತ 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಪಟ್ಟಿಗೆ ಸೇರಿಸುವುದು ಅಗ್ಗದ ಕೆಲಸ. ಹದಿನಾರರ ಹುಡುಗಿಯೊಬ್ಬಳನ್ನು ಕಲಿಸುವ ಅಜ್ಜಿಯ ಎದುರು ಒಂದು ವಾರ ಕೂರಿಸುವುದೇ ದುಬಾರಿ.

ಏಕೆ ದುಬಾರಿ ಎಂದರೆ ದಾರಿಯೇ ಇಲ್ಲ. ಇನುಯಿಟ್ ನುನಂಗಟ್ ಎಂದು ಕರೆಯಲಾಗುವ ಅವರ ನಾಡು ಕೆನಡಾದಲ್ಲಿ ನಾಲ್ಕು ಭಾಗವಾಗಿದೆ: ಪಶ್ಚಿಮದಲ್ಲಿ ಇನುವಿಯಾಲುಯಿಟ್ ಸೀಮೆ, ನಡುವೆ ನುನಾವುಟ್, ದಕ್ಷಿಣಕ್ಕೆ ನುನಾವಿಕ್, ಲ್ಯಾಬ್ರಡಾರ್ ಕರಾವಳಿಯಲ್ಲಿ ನುನಾಟ್ಸಿಯಾವುಟ್. ಒಟ್ಟು 51 ಊರುಗಳು. 2021ರ ಜನಗಣತಿಯಂತೆ ಕೆನಡಾದ ಇನುಯಿಟ್ ಜನ 70,545. ಅವರಲ್ಲಿ ನೂರಕ್ಕೆ 69 ಮಂದಿ ಈ ನಾಡಿನಲ್ಲಿದ್ದಾರೆ. ದಕ್ಷಿಣದ ಹೆದ್ದಾರಿ ಮುಟ್ಟಿರುವುದು ಪಶ್ಚಿಮದ ಇನುವಿಕ್‌ಗೂ, 2017ರ ನವೆಂಬರ್‌ನಲ್ಲಿ ರಸ್ತೆ ತೆರೆದ ಮೇಲೆ ಟುಕ್ಟೊಯಾಕ್ಟಕ್‌ಗೂ ಮಾತ್ರ. ನುನಾವುಟ್‌ನ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಸಾಮಾನು ಬೇಸಿಗೆಯಲ್ಲಿ ಹಿಮ ಕರಗಿದಾಗ ಹಡಗಿನಲ್ಲಿ ಬರುತ್ತದೆ, ಜನ ವರ್ಷವಿಡೀ ಸಣ್ಣ ವಿಮಾನದಲ್ಲಿ ಓಡಾಡುತ್ತಾರೆ. ನಮ್ಮ ಸಮಿತಿಯ ಆಯವ್ಯಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ವಿಮಾನದ ಟಿಕೆಟ್ಟೇ ನುಂಗುತ್ತದೆ. ಬಿರುಗಾಳಿಗೆ ವಿಮಾನ ನಿಂತರೆ ಬಂದವರನ್ನು ಮೂರು ದಿನ ಹೆಚ್ಚಿಗೆ ಸಾಕಬೇಕು. ‘ಹವಾಮಾನ’ ಎಂಬ ಬಾಬ್ತು ಯಾವ ಅರ್ಜಿಯಲ್ಲೂ ಇರುವುದಿಲ್ಲ.

ದೇಶದ ಗಡಿ ದಾಟುವುದಾದರೆ ಇನ್ನೂ ವಿಚಿತ್ರ. ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನಿಂದ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ಗೆ ಆಕಾಶಮಾರ್ಗದಲ್ಲಿ ಸುಮಾರು 800 ಕಿಲೋಮೀಟರ್. ಎರಡೂ ಕಡೆ ಒಂದೇ ಮೂಲದ ಭಾಷೆ, ಒಂದೇ ಬಗೆಯ ಡೋಲು. ಆದರೂ ಬಹುಕಾಲ ಅಲ್ಲಿಗೆ ಹೋಗಬೇಕಾದವರು ದಕ್ಷಿಣ ಕೆನಡಾಕ್ಕೆ ಇಳಿದು, ಅಟ್ಲಾಂಟಿಕ್ ದಾಟಿ ಯೂರೋಪಿನ ಕಡೆಯಿಂದ ಸುತ್ತಿ ಬರಬೇಕಾಗಿತ್ತು. 2024ರ ಬೇಸಿಗೆಯಲ್ಲಿ ಇವೆರಡರ ನಡುವೆ ನೇರ ವಿಮಾನ ಮತ್ತೆ ಶುರುವಾಯಿತು, ಅದೂ ಬೇಸಿಗೆಯ ತಿಂಗಳುಗಳಿಗೆ ಮಾತ್ರ. ಅಲಾಸ್ಕಾದ ಎಬೆನ್ ಹಾಪ್ಸನ್ ಅವರ ಪ್ರಯತ್ನದಿಂದ 1977ರಲ್ಲಿ ಇನುಯಿಟ್ ಸರ್ಕಂಪೋಲಾರ್ ಕೌನ್ಸಿಲ್ ಹುಟ್ಟಿದಾಗ ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡುಗಳ ಇನುಯಿಟ್ ಒಂದು ಸಂಸ್ಥೆಯಡಿ ಸೇರಿದರು, ಮುಂದೆ ರಷ್ಯಾದ ಚುಕೋಟ್ಕಾದವರೂ ಬಂದರು. ನಾಲ್ಕು ವರ್ಷಕ್ಕೊಮ್ಮೆ ಅದರ ಮಹಾಸಭೆ. 2022ರದು ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್‌ನಲ್ಲಿ ನಡೆಯಿತು. ಆದರೆ ಮಹಾಸಭೆಗೆ ಹೋಗುವವರು ಪ್ರತಿನಿಧಿಗಳು. ಸಾಮಾನ್ಯ ಊರಿನ ಡೋಲಿನವನಿಗೆ ಪಕ್ಕದ ಊರೇ ದೂರ.

ಹಿಂದೆ ಹೀಗಿರಲಿಲ್ಲ. ಕುಟುಂಬಗಳು ಬೇಟೆಯ ನೆಲೆಗಳಲ್ಲಿ ಚದುರಿದ್ದರೂ ಚಳಿಗಾಲದಲ್ಲಿ ನಾಯಿಬಂಡಿ ಕಟ್ಟಿಕೊಂಡು ಒಂದೆಡೆ ಸೇರುತ್ತಿದ್ದವು. ಹಲವು ಸಂಸಾರಗಳು ಹಿಡಿಸುವಷ್ಟು ದೊಡ್ಡದಾಗಿ ಕಟ್ಟಿದ ಹಿಮದ ಮನೆಗೆ ಕಗ್ಗಿಕ್ ಎಂದು ಹೆಸರು, ಹಾಡು ಕುಣಿತಗಳೆಲ್ಲ ಅಲ್ಲಿಯೇ. 1950ರಿಂದ 70ರ ದಶಕಗಳಲ್ಲಿ ಸರ್ಕಾರ ಜನರನ್ನು ಖಾಯಂ ಊರುಗಳಿಗೆ ತಂದು ನೆಲೆಗೊಳಿಸಿತು. ಆ ಕಾಲದಲ್ಲಿಯೇ ಬಂಡಿ ಎಳೆಯುವ ನಾಯಿಗಳನ್ನು ಪೊಲೀಸರೂ ಅಧಿಕಾರಿಗಳೂ ದೊಡ್ಡ ಸಂಖ್ಯೆಯಲ್ಲಿ ಕೊಂದರು. ನಾಯಿ ಹೋದ ಮೇಲೆ ಪಯಣವೂ ಹೋಯಿತು, ಟಿಕೆಟ್ ಬಂತು. ನುನಾವಿಕ್‌ನ ಇನುಯಿಟ್ ಸಂಸ್ಥೆ ಮಕಿವಿಕ್ 2001ರಿಂದ ಇವಕ್ಕಾಕ್ ಎಂಬ ನಾಯಿಬಂಡಿ ಓಟವನ್ನು ಊರಿಂದ ಊರಿಗೆ ನಡೆಸುತ್ತಾ ಬಂದಿದೆ, ಇನುಯಿಟ್ ತಳಿಯ ನಾಯಿಗಳಿಂದಲೇ. ತಂಡಗಳು ಊರು ತಲುಪಿದ ದಿನ ಅಲ್ಲೊಂದು ಹಬ್ಬ. ನಾಯಿಗಳ ಹತ್ಯೆಗಾಗಿ ಕ್ವಿಬೆಕ್ ಸರ್ಕಾರ 2011ರಲ್ಲಿ ತಪ್ಪೊಪ್ಪಿಕೊಂಡು 30 ಲಕ್ಷ ಡಾಲರ್ ಕೊಟ್ಟಿತು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಕಾಂಗಿಕ್ಸುಜುವಾಕ್ ಎಂಬ ಊರಿಗೇ ಬಂದು ಕ್ಷಮೆ ಕೇಳಿ 4.5 ಕೋಟಿ ಡಾಲರ್ ಘೋಷಿಸಿತು. ಇವನ್ನೆಲ್ಲ ಓದುವಾಗ ‘ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ಅರ್ಜಿಯ ಶೀರ್ಷಿಕೆ ನನಗೆ ಬಹಳ ಹಗುರವಾಗಿ ಕಾಣುತ್ತದೆ. ಜನ ಸೇರುವ ದಾರಿಯನ್ನು ಮುರಿದವರು ಯಾರೋ ಅವರೇ ಈಗ ಸೇರುವುದಕ್ಕೆ ಅನುದಾನ ಕೊಡುತ್ತಿದ್ದಾರೆ. ಬೇಡಿ ಪಡೆಯುವ ಧಾಟಿಯಲ್ಲಿ ಅರ್ಜಿ ಬರೆಯುವಾಗ ಕೈ ಹಿಂದೇಟು ಹಾಕುತ್ತದೆ.

ಇನ್ನು ಹಣದ ಕಾಲದ ಮಾತು. ಕೆನಡಾ ಸರ್ಕಾರದ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆರ್ಕ್ಟಿಕ್‌ನಲ್ಲಿ ಜನ ಓಡಾಡಲು, ಹೊರಗೆ ಆಡಲು ಹಿತವಾದ ಕಾಲವೂ ಸರಿಯಾಗಿ ಏಪ್ರಿಲ್ಲೇ. ಇಕಾಲುಯಿಟ್‌ನಲ್ಲಿ 1965ರಿಂದ ನಡೆದುಬಂದಿರುವ ಟೂನಿಕ್ ಟೈಮ್ ಹಬ್ಬ, ಟುಕ್ಟೊಯಾಕ್ಟಕ್‌ನ ಬೆಲೂಗ ಜಾಂಬೊರಿ ಬರುವುದು ಆ ತಿಂಗಳಿನಲ್ಲೇ. ಅಂದರೆ ಹಳೆಯ ವರ್ಷದ ಹಣ ಮಾರ್ಚ್ 31ಕ್ಕೆ ಮುಗಿದಿರುತ್ತದೆ, ಉಳಿದಿದ್ದರೆ ವಾಪಸು ಕಟ್ಟಬೇಕು. ಹೊಸ ವರ್ಷದ ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿರುವುದಿಲ್ಲ. ಒಪ್ಪಂದಕ್ಕೆ ಸಹಿಯಾಗುವ ಮುನ್ನ ಮಾಡಿದ ಖರ್ಚು ಲೆಕ್ಕಕ್ಕಿಲ್ಲ. ನಮ್ಮ ಸಮಿತಿಗೆ ಒಂದು ವರ್ಷ ಮೊದಲ ಕಂತು ಬಂದದ್ದು ಜೂನ್ ಕೊನೆಗೆ, ಕೂಟ ಮುಗಿದು ಎರಡು ತಿಂಗಳಾದ ಮೇಲೆ. ಊಟಕ್ಕಿಲ್ಲದ ಉಪ್ಪಿನಕಾಯಿ. ಅಧ್ಯಕ್ಷೆ ತಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಐದು ಟಿಕೆಟ್ ತೆಗೆದಿದ್ದರು. ಕಾರ್ಡಿನ ಬಡ್ಡಿಯನ್ನು ಅನುದಾನದಲ್ಲಿ ತೋರಿಸುವಂತಿಲ್ಲ ಎಂದು ನಿಯಮವಿದ್ದದ್ದರಿಂದ ಅದನ್ನೂ ಅವರೇ ಕಟ್ಟಿಕೊಂಡರು. ಕೂಟವನ್ನು ಅಕ್ಟೋಬರ್‌ಗೆ ಹಾಕಿಕೊಳ್ಳಬಾರದೇ ಎಂದು ದಕ್ಷಿಣದ ಅಧಿಕಾರಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಸೂಚಿಸಿದರು. ಅಕ್ಟೋಬರ್‌ನಲ್ಲಿ ಸಮುದ್ರ ದೋಣಿಗೂ ಒಗ್ಗುವುದಿಲ್ಲ, ಬಂಡಿಯನ್ನೂ ಹೊರುವುದಿಲ್ಲ.

ಒಂದೇ ಕಡೆಯಿಂದ ಪೂರ್ತಿ ಹಣ ಸಿಗುವುದು ಅಪರೂಪ. ಕೇಂದ್ರದ ಪರಂಪರೆ ಇಲಾಖೆ, ಕೆನಡಾ ಕಲಾ ಮಂಡಳಿ, ನುನಾವುಟ್ ಸರ್ಕಾರದ ಸಂಸ್ಕೃತಿ ಇಲಾಖೆ, ಪ್ರಾದೇಶಿಕ ಇನುಯಿಟ್ ಸಂಘ, ಊರಿನ ಆಡಳಿತ, ಹೀಗೆ ನಾಲ್ಕೈದು ಬಾಗಿಲು ತಟ್ಟಬೇಕು. ಪ್ರತಿಯೊಬ್ಬರದೂ ಬೇರೆ ನಮೂನೆ, ಬೇರೆ ಗಡುವು, ಬೇರೆ ವರದಿ. ಉಳಿದವರು ಕೊಡುತ್ತಾರೆಂಬ ಖಾತರಿ ಪತ್ರ ತಂದರೆ ನಾವೂ ಕೊಡುತ್ತೇವೆ ಎನ್ನುವವರು ಇವರಲ್ಲಿ ಒಬ್ಬರಿಗಿಂತ ಹೆಚ್ಚು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಸಾವಿರ ಚಿಲ್ಲರೆ ಜನರ ಊರಿನಲ್ಲಿ ಇದನ್ನೆಲ್ಲ ಓಡಾಡಿ ಮಾಡುವವರು ಹಗಲು ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಿ ಬಂದ ಇಬ್ಬರು ಮೂವರು ಹೆಂಗಸರು. ಕಾರ್ಯಕ್ರಮಕ್ಕೆ ಹಣ ಸಿಗುತ್ತದೆ, ಕಾರ್ಯಕ್ರಮ ನಡೆಸುವವರ ಸಂಬಳಕ್ಕೆ ಸಿಗುವುದಿಲ್ಲ. ಆಡಳಿತ ವೆಚ್ಚ ಇಂತಿಷ್ಟು ಶೇಕಡಾ ಮೀರಕೂಡದೆಂಬ ಷರತ್ತು ಕಾಗದದಲ್ಲಿ ಮಿತವ್ಯಯದಂತೆ ಕಂಡರೂ, ಅದರ ನಿಜವಾದ ಅರ್ಥ ಆ ಹೆಂಗಸರು ಬಿಟ್ಟಿ ದುಡಿಯಲಿ ಎಂದು.

ಭಾಷೆಯದು ಇನ್ನೊಂದು ಕಥೆ. ನುನಾವುಟ್‌ನಲ್ಲಿ ಇನುಯಿಟ್ ಭಾಷೆಯ ರಕ್ಷಣೆಗೆ 2008ರಲ್ಲಿಯೇ ಕಾನೂನಾಗಿದೆ. ಕೇಂದ್ರದ ಮೂಲನಿವಾಸಿ ಭಾಷೆಗಳ ಕಾಯ್ದೆ 2019ರಲ್ಲಿ ಬಂತು; ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಸ್ಥೆಯಾದ ಇನುಯಿಟ್ ತಪಿರಿಯಿಟ್ ಕನಟಮಿ, ಅದರಲ್ಲಿ ಇನುಯಿಟ್ ಭಾಷೆಗೆಂದೇ ಏನೂ ಇಲ್ಲವೆಂದು ಆಗಲೇ ವಿರೋಧಿಸಿತ್ತು. ನಮ್ಮ ಕೂಟದ ಉದ್ದೇಶವೇ ಮಕ್ಕಳ ಕಿವಿಗೆ ನಾಲ್ಕು ದಿನ ತಮ್ಮ ನುಡಿಯಾದ ಇನುಕ್ಟಿಟುಟ್ ಬೀಳಲಿ ಎನ್ನುವುದು. ಅದಕ್ಕೆ ಹಣ ಕೇಳುವ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯುವವನು ನಾನು, ಮೂರನೆಯ ಭಾಷೆಯವನು. ಅಧ್ಯಕ್ಷೆ ಹೇಳಿದ್ದನ್ನು ನಾನು ‘ನಿರೀಕ್ಷಿತ ಫಲಿತಾಂಶಗಳು’ ಎಂಬ ಪೆಟ್ಟಿಗೆಗೆ ತಕ್ಕಂತೆ ಕತ್ತರಿಸಿ ತುಂಬುವಾಗ, ಅವರು ಹೇಳಿದ್ದರಲ್ಲಿ ಎಷ್ಟು ಹೊರಗೆ ಚೆಲ್ಲಿತೆಂದು ನನಗೆ ಗೊತ್ತಾಗುತ್ತಿರುತ್ತದೆ. ಡೋಲು ಕಲಿಸಲು ಬಂದ ಹಿರಿಯರಿಗೆ ಗೌರವಧನ ಕೊಡಬೇಕಾದರೆ ಅವರಿಂದ ಸಾಮಾಜಿಕ ವಿಮಾ ಸಂಖ್ಯೆ ಕೇಳಬೇಕು. ಹಿಂದೊಂದು ಕಾಲದಲ್ಲಿ ಸರ್ಕಾರ ಇನುಯಿಟ್ ಜನರಿಗೆ ಹೆಸರಿನ ಬದಲು ಸಂಖ್ಯೆ ಕೆತ್ತಿದ ಬಿಲ್ಲೆ ಕೊಟ್ಟಿತ್ತು, 1940ರ ದಶಕದಿಂದ ಸುಮಾರು ಮೂವತ್ತು ವರ್ಷ. ಆ ಬಿಲ್ಲೆಯನ್ನು ಕೊರಳಲ್ಲಿ ಕಟ್ಟಿಕೊಂಡು ಬೆಳೆದವರನ್ನು ‘ನಿಮ್ಮ ನಂಬರ್ ಹೇಳಿ’ ಎಂದು ಕೇಳಲು ಅಧ್ಯಕ್ಷೆಗೆ ಮನಸ್ಸು ಬರಲಿಲ್ಲ. ಆ ಫೋನನ್ನು ನಾನೇ ಮಾಡಬೇಕಾಯಿತು.

ಅಲಾಸ್ಕಾದ ಉತ್ತರ ತುದಿಯಲ್ಲಿ ಬೇರೊಂದು ದಾರಿ ಇದೆ. ಅಲ್ಲಿಯ ಇನುಪಿಯಾಟ್ ಜನರ ಕಿವ್ಗಿಕ್, ಅಂದರೆ ದೂತರ ಹಬ್ಬ, ಚಳಿಗಾಲದ ದೊಡ್ಡ ಕೂಟ. ಉಮಿಯಾಲಿಕ್ ಎನಿಸಿಕೊಂಡ ತಿಮಿಂಗಿಲ ಬೇಟೆಯ ನಾಯಕ ಮಾಂಸ, ಎಣ್ಣೆ, ತೊಗಲುಗಳನ್ನು ಕೂಡಿಟ್ಟು, ಸಾಕಷ್ಟಾಯಿತೆನಿಸಿದಾಗ ಪಕ್ಕದ ಊರಿಗೆ ದೂತರನ್ನು ಕಳಿಸುತ್ತಿದ್ದ. ದೂತರು ಆಹ್ವಾನದ ಜೊತೆಗೆ ಯಾರಿಗೆ ಏನು ಬೇಕೆಂಬುದನ್ನೂ ಹೇಳಿ ಕೇಳಿ ಬರುತ್ತಿದ್ದರು. ಒಂದರ್ಥದಲ್ಲಿ ಆಯವ್ಯಯವೂ ಅದೇ, ಅರ್ಜಿಯೂ ಅದೇ. 20ನೆಯ ಶತಮಾನದ ಆರಂಭದಲ್ಲಿ ನಿಂತುಹೋದ ಈ ಹಬ್ಬವನ್ನು 1988ರಲ್ಲಿ ನಾರ್ತ್ ಸ್ಲೋಪ್ ಬರೋದ ಮೇಯರ್ ಜಾರ್ಜ್ ಅಹ್ಮಾಗಕ್ ಅವರ ಕಾಲದಲ್ಲಿ ಉಟ್ಕಿಯಾಗ್ವಿಕ್‌ನಲ್ಲಿ ಮತ್ತೆ ಶುರು ಮಾಡಿದರು. 1972ರಲ್ಲಿ ಸ್ಥಾಪನೆಯಾದ ಈ ಬರೋ ಸ್ಥಳೀಯ ಸರ್ಕಾರ. ಪ್ರೂಡೋ ಬೇ ತೈಲಕ್ಷೇತ್ರದ ಆಸ್ತಿಗಳಿಗೆ ತೆರಿಗೆ ಹಾಕುವ ಅಧಿಕಾರ ಅದಕ್ಕಿದೆ. ಹಬ್ಬ ಯಾವಾಗ, ಹೇಗೆ ಎಂಬುದನ್ನು ಗೊತ್ತುಮಾಡುವವರೂ ಹಣದ ಕೀಲಿ ಹಿಡಿದವರೂ ಒಂದೇ ಜನ. ತೈಲದ ಹಣದಿಂದ ಹಿಮದ ನಾಡಿನ ಹಬ್ಬ ನಡೆಯುವುದರಲ್ಲಿರುವ ವಿಪರ್ಯಾಸ ಅಲ್ಲಿಯವರಿಗೆ ತಿಳಿಯದ್ದೇನಲ್ಲ, ನಾನು ಹೊರಗೆ ನಿಂತು ಅದನ್ನು ಎತ್ತಿ ಆಡುವುದು ಸರಿಯೆನಿಸುವುದಿಲ್ಲ.

ಕೆನಡಾದಲ್ಲಿಯೂ ಇನುಯಿಟ್ ಸಂಸ್ಥೆಗಳಿಗೆ ಸ್ವಂತ ಬಂಡವಾಳ ಇಲ್ಲವೆಂದಲ್ಲ. 1993ರ ನುನಾವುಟ್ ಒಡಂಬಡಿಕೆಯಲ್ಲಿ ಭೂಮಿಯ ಹಕ್ಕಿಗೆ ಪ್ರತಿಯಾಗಿ 14 ವರ್ಷಗಳಲ್ಲಿ 114.8 ಕೋಟಿ ಡಾಲರ್ ಬಂತು. ಅದೇ ಒಡಂಬಡಿಕೆಯ 32ನೆಯ ವಿಧಿ, ಸಾಮಾಜಿಕ ಮತ್ತು ಸಾಂಸ್ಕೃತಿಕ ನೀತಿ, ಯೋಜನೆಗಳನ್ನು ರೂಪಿಸುವುದರಲ್ಲಿ ಇನುಯಿಟ್ ಜನರಿಗೆ ಪಾಲಿರಬೇಕೆಂದು ಹೇಳುತ್ತದೆ. ಆದರೆ ನಷ್ಟಪರಿಹಾರದ ಗಂಟನ್ನು ಒಡೆದು ಹಬ್ಬ ಮಾಡಿಕೊಳ್ಳಲಿ ಎನ್ನುವವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ಟೊರಾಂಟೊದವರು ತಮ್ಮ ಊರಿನ ಸಂಗೀತೋತ್ಸವಕ್ಕೆ ಮನೆ ಮಾರಿದ ದುಡ್ಡು ಹಾಕುತ್ತಾರೆಯೇ? ನೂಕ್‌ನಲ್ಲಿ 1997ರಿಂದ ಕಟುವಾಕ್ ಎಂಬ ಸಾಂಸ್ಕೃತಿಕ ಭವನವಿದೆ. ನುನಾಟ್ಸಿಯಾವುಟ್‌ನ ನೇನ್‌ನಲ್ಲಿ 2019ರಲ್ಲಿ ಇಲ್ಲುಸುವಾಕ್ ತೆರೆಯಿತು. ನುನಾವುಟ್‌ಗೂ ಒಂದು ರಂಗಭವನ ಬೇಕೆಂದು ಕಗ್ಗಿಯಾವುಟ್ ಎಂಬ ಕಲಾವಿದರ ಸಂಘ ವರ್ಷಗಟ್ಟಲೆ ಕೇಳುತ್ತಾ ಬಂದಿದೆ.

2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇನುಯಿಟ್ ನುನಂಗಟ್ ನೀತಿಯನ್ನು ಒಪ್ಪಿಕೊಂಡಿತು. ಮೂಲನಿವಾಸಿಗಳೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟದೆ, ಇನುಯಿಟ್ ನಾಡನ್ನು ಪ್ರತ್ಯೇಕ ಸಾಂಸ್ಕೃತಿಕ, ರಾಜಕೀಯ ಪ್ರದೇಶವೆಂದು ಗಣಿಸಿ ಇಲಾಖೆಗಳು ತಮ್ಮ ಯೋಜನೆಗಳನ್ನು ರೂಪಿಸಬೇಕೆಂಬುದು ಅದರ ತಿರುಳು. ಕಲಾ ಮಂಡಳಿ 2017ರಲ್ಲಿಯೇ ಕೆನಡಾದ ಮೂರು ಮೂಲನಿವಾಸಿ ಸಮುದಾಯಗಳಾದ ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಜನರ ಕಲೆಗಳಿಗೆಂದು ಪ್ರತ್ಯೇಕ ಅನುದಾನ ತೆರೆದಿತ್ತು. ಕೆಲವು ಕಡೆ ಲಿಖಿತ ಅರ್ಜಿಯ ಬದಲು ಮಾತಿನಲ್ಲಿ ಹೇಳಿದ್ದನ್ನು ಧ್ವನಿಮುದ್ರಿಸಿ ಕಳಿಸಬಹುದು ಎಂಬಷ್ಟರ ಮಟ್ಟಿಗೆ ಬದಲಾವಣೆಯಾಗಿದೆ. ಇವು ಒಳ್ಳೆಯ ಹೆಜ್ಜೆಗಳೇ. ಆದರೂ ನನ್ನ ಲೆಕ್ಕದ ಪುಸ್ತಕದಿಂದ ನೋಡಿದರೆ ‘ಇನುಯಿಟ್ ನೇತೃತ್ವದ’ ಎಂಬ ಮಾತಿಗೆ ಅರ್ಥ ಬರಬೇಕಾದರೆ, ಹಣ ಐದಾರು ವರ್ಷಕ್ಕೆ ಒಟ್ಟಾಗಿ ಪ್ರಾದೇಶಿಕ ಇನುಯಿಟ್ ಸಂಸ್ಥೆಗಳ ಕೈಗೆ ಹೋಗಬೇಕು, ಅದನ್ನು ಊರುಗಳಿಗೆ ಹಂಚುವ ನಿಯಮವನ್ನೂ ಒಪ್ಪಿಸಬೇಕಾದ ಲೆಕ್ಕದ ನಮೂನೆಯನ್ನೂ ಅವರೇ ಬರೆಯಬೇಕು. ಆಗ ಸೀಲಿಗೆ ಒಂದು ಕಾಲಂ ತಾನಾಗಿ ಹುಟ್ಟುತ್ತದೆ, ಏಪ್ರಿಲ್ ಕೂಟದ ಹಣ ಹಿಂದಿನ ಶರತ್ಕಾಲದಲ್ಲೇ ಖಾತೆಯಲ್ಲಿರುತ್ತದೆ. ಹೀಗೆ ಮಾಡಿದರೆ ಹಣ ಪೋಲಾಗುತ್ತದೆಯೆಂಬ ಭಯ ಕಚೇರಿಗಳಲ್ಲಿದೆ. ಐದು ನಮೂನೆ, ಐದು ವರದಿ, ತಡವಾದ ಕಂತು, ಕೊನೆಯ ಗಳಿಗೆಯಲ್ಲಿ ತೆಗೆದ ದುಪ್ಪಟ್ಟು ದರದ ಟಿಕೆಟ್ ಇವುಗಳಲ್ಲಿ ಪೋಲಾಗುವುದನ್ನು ಮಾತ್ರ ಯಾರೂ ಕೂಡಿ ನೋಡಿಲ್ಲ.

ಮುಂದಿನ ಏಪ್ರಿಲ್‌ನ ಅರ್ಜಿ ಈಗ ನನ್ನ ಮುಂದಿದೆ. ಈ ಸಲ ನಮೂನೆಯಲ್ಲಿ ‘ಸಾಂಪ್ರದಾಯಿಕ ಆಹಾರ’ ಎಂಬ ಹೊಸ ಸಾಲು ಬಂದಿದೆ. ಯಾರೋ ನಮ್ಮ ಪತ್ರಗಳನ್ನು ಓದಿರಬೇಕೆಂದು ಖುಷಿಯಾಯಿತು. ಅದರ ಪಕ್ಕದಲ್ಲಿಯೇ ಕೇಳಿದ್ದಾರೆ: ಪ್ರಾಣಿ ಯಾವುದು, ಅಂದಾಜು ಸಂಖ್ಯೆ ಎಷ್ಟು. ಅಧ್ಯಕ್ಷೆಗೆ ಫೋನ್ ಮಾಡಿ ಎಷ್ಟು ಸೀಲ್ ಬರೆಯಲಿ ಎಂದು ಕೇಳಿದೆ. ಇನ್ನೂ ಸಿಗದ ಪ್ರಾಣಿಯ ಸಂಖ್ಯೆ ಹೇಳುವಂತಿಲ್ಲ ಎಂದರು. ಇಷ್ಟು ಹೊಡೆಯುತ್ತೇವೆ ಎಂದು ಮೊದಲೇ ಆಡಿದರೆ ಪ್ರಾಣಿಗೆ ಅಗೌರವ, ಅದು ಬರುವುದಿಲ್ಲ. ಅವರ ತಂದೆ ಹಾಗೆಂದು ಹೇಳಿಕೊಟ್ಟಿದ್ದರಂತೆ. ಅರ್ಜಿ ಕಳಿಸಲು ಇನ್ನು ಒಂಬತ್ತು ದಿನವಿದೆ. ಸಂಖ್ಯೆಯ ಪೆಟ್ಟಿಗೆಯಲ್ಲಿ ಅಂಕಿಯಲ್ಲದೆ ಬೇರೇನನ್ನೂ ಕಂಪ್ಯೂಟರ್ ಒಪ್ಪುತ್ತಿಲ್ಲ, ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿಲ್ಲ. ಸದ್ಯಕ್ಕೆ ಸೊನ್ನೆ ಹಾಕಿ, ಕೆಳಗಿನ ಷರಾದಲ್ಲಿ ‘ಸಿಕ್ಕಷ್ಟು’ ಎಂದು ಬರೆದಿಟ್ಟಿದ್ದೇನೆ.